ಹಲ್ಲು ಬರುವಾಗ ಭೇದಿ: ದಡಾರದ ಇಂಜೆಕ್ಷನ್ ಮುಂದೂಡಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಒಂಬತ್ತೂವರೆ ತಿಂಗಳು. ಕೆಳಗಿನ ಎರಡು ಹಲ್ಲು ಬಂದಿವೆ, ಮೇಲಿನ ಒಸಡು ಊದಿದೆ. ಮೂರು ದಿನದಿಂದ ದಿನಕ್ಕೆ ನಾಲ್ಕೈದು ಸಲ ನೀರಾಗಿ ಭೇದಿ ಆಗುತ್ತಿದೆ. ಮೈ ಸ್ವಲ್ಪ ಬೆಚ್ಚಗಿದೆ. ಆದರೆ ಆಡುತ್ತಾನೆ, ಹಾಲು ಕುಡಿಯುತ್ತಾನೆ. ‘ಇದು ಹಲ್ಲಿನ ಭೇದಿ, ಔಷಧ ಕೊಟ್ಟು ತಡೀಬೇಡ, ಹಲ್ಲು ಬಂದ ಮೇಲೆ ತಾನೇ ನಿಲ್ತದ’ ಅಂತಾರೆ ಅತ್ತೆ. ಆಶಾ ಅಕ್ಕ ಗುರುವಾರ ದಡಾರದ ಇಂಜೆಕ್ಷನ್‌ಗೆ ಕರೆದಿದ್ದಾರೆ. ಹಲ್ಲು ಬರುವಾಗ ಸೂಜಿ ಚುಚ್ಚಿಸಿದರೆ ಜ್ವರ ನೆತ್ತಿಗೇರುತ್ತದೆ, ಹಲ್ಲೆಲ್ಲ ಬಂದ ಮೇಲೆ ಹಾಕಿಸೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ರಾಮದುರ್ಗದ ಕಡೆ ಇದೇ ಇಂಜೆಕ್ಷನ್ ಆದ ಮೇಲೆ ಮಕ್ಕಳು ತೀರಿಕೊಂಡಿದ್ದರಲ್ಲ ಅಂತ ನಮ್ಮ ಯಜಮಾನರಿಗೂ ಹೆದರಿಕೆ. ಏನು ಮಾಡಲಿ ಡಾಕ್ಟರೇ?

ಉತ್ತರ: ಗುರುವಾರ ಹೋಗಿ ಇಂಜೆಕ್ಷನ್ ಹಾಕಿಸಿ, ತಂಗಿ. ಆದರೆ ಗುರುವಾರದವರೆಗೆ ಸುಮ್ನೆ ಕೂರಬೇಡಿ. ಭೇದಿಗೆ ಇವತ್ತೇ ಓಆರ್‌ಎಸ್ ಶುರು ಮಾಡಿ. ನಿಮ್ಮ ಅತ್ತೆ ಹೇಳುವುದರಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಇಂಜೆಕ್ಷನ್ ಮಾತಲ್ಲ, ‘ಔಷಧ ಕೊಡಬೇಡ’ ಅನ್ನುವ ಮಾತು.

ಮೊದಲು ಹಲ್ಲಿನ ವಿಷಯ. ಆರು ತಿಂಗಳ ಆಸುಪಾಸಿಗೆ ಕೆಳಗಿನ ನಡುವಿನ ಎರಡು ಹಲ್ಲು ಬರುತ್ತವೆ. ಕೆಲವು ಕೂಸುಗಳಿಗೆ ನಾಲ್ಕೇ ತಿಂಗಳಿಗೆ, ಇನ್ನು ಕೆಲವಕ್ಕೆ ವರ್ಷ ತುಂಬುವ ಹೊತ್ತಿಗೆ. ಎರಡೂವರೆ, ಮೂರು ವರ್ಷದ ಹೊತ್ತಿಗೆ ಇಪ್ಪತ್ತು ಹಾಲುಹಲ್ಲು ತುಂಬುತ್ತವೆ. (ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಅನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಯಾವುದು ಮೊದಲು ಬಂದರೂ ಮಾವನಿಗೆ ಏನೂ ಆಗುವುದಿಲ್ಲ.) ಲೆಕ್ಕ ಹಾಕಿ ನೋಡಿ. ಎರಡು ವರ್ಷದಲ್ಲಿ ಇಪ್ಪತ್ತು ಹಲ್ಲು ಅಂದರೆ, ಆ ವಯಸ್ಸಿನ ಮಗುವಿಗೆ ಯಾವ ವಾರ ಏನೇ ಕಾಯಿಲೆ ಬಂದರೂ ಒಂದಲ್ಲ ಒಂದು ಹಲ್ಲು ಬರುತ್ತಲೇ ಇರುತ್ತದೆ. ಹಾಗಾಗಿ ಬಂದ ಕಾಯಿಲೆಯನ್ನೆಲ್ಲ ಹಲ್ಲಿನ ತಲೆಗೆ ಕಟ್ಟುವುದು ಬಹಳ ಸುಲಭ.

ಇದನ್ನು ಕುಳಿತು ಲೆಕ್ಕ ಇಟ್ಟು ನೋಡಿದವರಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 125 ಕೂಸುಗಳ ಮನೆಯವರಿಗೆ ಒಂದು ಕೆಲಸ ಕೊಟ್ಟರು. ಮಗುವಿಗೆ ನಾಲ್ಕು ತಿಂಗಳು ಆದಾಗಿನಿಂದ ವರ್ಷ ತುಂಬುವವರೆಗೆ ದಿನಕ್ಕೆ ಎರಡು ಸಲ ಮೈಕಾವು ನೋಡಬೇಕು, ಏನೇನು ತೊಂದರೆ ಕಂಡಿತು, ಯಾವ ದಿನ ಹಲ್ಲು ಮೊಳೆಯಿತು ಅಂತ ಬರೆದಿಡಬೇಕು. 2000ನೇ ಇಸವಿಯಲ್ಲಿ ಅದು ಪ್ರಕಟವಾಯಿತು. ಒಟ್ಟು 475 ಹಲ್ಲುಗಳ ಲೆಕ್ಕ ಸಿಕ್ಕಿತ್ತು. ಹಲ್ಲು ಬರುವ ನಾಲ್ಕು ದಿನ ಮೊದಲಿನಿಂದ ಮೂರು ದಿನ ಆಮೇಲಿನವರೆಗೆ ಕೂಸುಗಳು ಜಾಸ್ತಿ ಜೊಲ್ಲು ಸುರಿಸಿದ್ದವು, ಸಿಕ್ಕಿದ್ದನ್ನು ಕಚ್ಚಿದ್ದವು, ಒಸಡು ಉಜ್ಜಿಕೊಂಡಿದ್ದವು, ಕಿವಿ ತಿಕ್ಕಿಕೊಂಡಿದ್ದವು, ಎಚ್ಚರವಾಗಿಯೇ ಇದ್ದು ರಂಪ ಮಾಡಿದ್ದವು, ಗಟ್ಟಿ ಊಟ ಕಡಿಮೆ ಮಾಡಿದ್ದವು. ಮೈಕಾವು ಒಂದಿಷ್ಟು ಏರಿತ್ತು. ಅಷ್ಟೇ. ಭೇದಿಗೂ ಹಲ್ಲಿಗೂ ನಂಟು ಕಾಣಲಿಲ್ಲ. ವಾಂತಿ, ಕೆಮ್ಮು, ಜೋರು ಜ್ವರ, ಯಾವುದಕ್ಕೂ ಕಾಣಲಿಲ್ಲ.

ಹಾಗಾದರೆ ಭೇದಿ ಎಲ್ಲಿಂದ ಬಂತು? ಆರು ತಿಂಗಳಾದ ಮೇಲೆ ನಿಮ್ಮ ಮಗನ ಬದುಕಿನಲ್ಲಿ ಏನೇನು ಬದಲಾಯಿತು ನೋಡಿ. ಎದೆಹಾಲಿನ ಜೊತೆ ಗಂಜಿ, ಅನ್ನ, ಬೇಳೆಕಟ್ಟು ಶುರುವಾಯಿತು. ಅದರ ಜೊತೆ ಚಮಚ, ವಾಟಿ, ಕುಡಿಯುವ ನೀರು, ಉಣಿಸುವ ಕೈ ಎಲ್ಲ ಬಂದವು. ಅವನು ಅಂಬೆಗಾಲಿಡುತ್ತಾನೆ. ಪಡಸಾಲೆಯಲ್ಲಿ ಬಿದ್ದ ಚಪ್ಪಲಿ, ಕೀಲಿಕೈ, ದನದ ಹಗ್ಗ ಎಲ್ಲ ಬಾಯಿಗೆ ಹೋಗುತ್ತವೆ. ಒಸಡು ಕೆರೆಯುವಾಗ ಇನ್ನೂ ಜಾಸ್ತಿ ಹೋಗುತ್ತವೆ. ಹುಟ್ಟುವಾಗ ತಾಯಿಯಿಂದ ಬಂದ ರೋಗ ತಡೆಯುವ ಶಕ್ತಿಯೂ ಇದೇ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಹಲ್ಲಿಗೂ ಭೇದಿಗೂ ಒಂದೇ ವಯಸ್ಸು, ಅದಕ್ಕೇ ಒಂದರಿಂದ ಇನ್ನೊಂದು ಬಂತು ಅನ್ನಿಸುತ್ತದೆ. ಅತ್ತೆಯವರು ಕಂಡದ್ದು ಸುಳ್ಳಲ್ಲ. ಅವರ ಮಕ್ಕಳಿಗೂ ಹಲ್ಲು ಬರುವಾಗಲೇ ಭೇದಿ ಆಗಿತ್ತು. ಕಾರಣ ಮಾತ್ರ ಬೇರೆ ಇತ್ತು.

ನಮ್ಮ ಹಿರಿಯರು ಮಾತ್ರ ಹೀಗೆ ತಿಳಿದಿದ್ದರು ಅಂದುಕೊಳ್ಳಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1839ರ ಸಾವಿನ ಲೆಕ್ಕದಲ್ಲಿ 5,016 ಸಾವುಗಳ ಮುಂದೆ ಕಾರಣ ‘ಹಲ್ಲು ಬರುವುದು’ ಅಂತಲೇ ಬರೆದಿತ್ತು. ಆ ಕೂಸುಗಳು ಸತ್ತದ್ದು ಭೇದಿ, ನ್ಯುಮೋನಿಯಾ, ಇನ್ನೂ ಏನೇನೋ ಸೋಂಕಿನಿಂದ ಇರಬೇಕು. ಅಲ್ಲಿನವರು ಹಲ್ಲು ಸಲೀಸಾಗಿ ಬರಲಿ ಅಂತ ಒಂದು ಪುಡಿ ಕೊಡುತ್ತಿದ್ದರು. ಅದರಲ್ಲಿ ಪಾದರಸ ಇತ್ತು. ಕೂಸುಗಳ ಕೈಕಾಲು ಕೆಂಪಾಗಿ, ಚರ್ಮ ಸುಲಿದು, ಮಕ್ಕಳು ನರಳುತ್ತಿದ್ದವು. ಅದಕ್ಕೆ ‘ಗುಲಾಬಿ ರೋಗ’ ಅಂತ ಹೆಸರಿಟ್ಟರೇ ಹೊರತು ಎಲ್ಲಿಂದ ಬಂತು ಅಂತ ಬಹಳ ಕಾಲ ಗೊತ್ತಾಗಲಿಲ್ಲ. 1954ರಲ್ಲಿ ಆ ಪುಡಿ ಅಂಗಡಿಯಿಂದ ಹೋಯಿತು, ಅದರ ಹಿಂದೆಯೇ ರೋಗವೂ ಹೋಯಿತು.

ಈಗ ನಿಮ್ಮ ಮನೆಯ ಕೆಲಸಕ್ಕೆ ಬರೋಣ. ಓಆರ್‌ಎಸ್ ಪುಡಿ ಆಶಾ ಅಕ್ಕನ ಹತ್ತಿರ, ಅಂಗನವಾಡಿಯಲ್ಲಿ, ಉಪಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಲೀಟರಿನ ಪ್ಯಾಕೆಟ್ ಆದರೆ ಇಡೀ ಪ್ಯಾಕೆಟ್ಟನ್ನು ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಇಲ್ಲಿ ಬಹಳ ಜನ ತಪ್ಪುತ್ತಾರೆ. ಕೂಸು ಅಷ್ಟೆಲ್ಲ ಎಲ್ಲಿ ಕುಡಿಯುತ್ತದೆ ಅಂತ ಒಂದು ಚಮಚ ಪುಡಿ ಒಂದು ವಾಟಿ ನೀರಿಗೆ ಕಲಸುತ್ತಾರೆ. ಆಗ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಲೀಟರ್ ನೀರು ಅಳೆಯಲು ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ಸಾಕು. ಕಲಸಿದ್ದು ಒಂದು ದಿನಕ್ಕೆ ಮಾತ್ರ, ಉಳಿದಿದ್ದನ್ನು ಚೆಲ್ಲಿ ಮರುದಿನ ಹೊಸದು ಮಾಡಿ. ಪ್ರತಿ ಸಲ ಭೇದಿ ಆದ ಮೇಲೆ ಕಾಲಿನಿಂದ ಅರ್ಧ ಲೋಟದಷ್ಟು, ಅಂದರೆ 50ರಿಂದ 100 ಮಿಲಿ, ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ ಕುಡಿಸಿ. ಅಂಗಡಿಯಲ್ಲಿ ರಟ್ಟಿನ ಡಬ್ಬಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿನೀರು ಓಆರ್‌ಎಸ್ ಅಲ್ಲ. ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸಬಹುದು.

ಜೊತೆಗೆ ಝಿಂಕ್ ಮಾತ್ರೆ. ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಮಿಲಿಗ್ರಾಂ, ಚಮಚದಲ್ಲಿ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕೊಡುವುದು. ಭೇದಿ ಮೂರೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಕೊಡಬೇಕು. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮೆತ್ತನೆಯ ಅನ್ನ, ಬಾಳೆಹಣ್ಣು ಕೊಡುತ್ತಾ ಇರಿ. ಅತ್ತೆಯವರಿಗೆ ಒಂದು ಮಾತು ಹೇಳಿ: ‘ಇದು ಭೇದಿ ಕಟ್ಟುವ ಔಷಧ ಅಲ್ಲ ಅತ್ತೆ, ಮೈಯಿಂದ ಹೋದ ನೀರನ್ನ ತುಂಬೋದು.’ ಅದು ನಿಜವೂ ಹೌದು. ಭೇದಿ ಕಟ್ಟುವ ಮಾತ್ರೆಯನ್ನು ಕೂಸಿಗೆ ನಾನೂ ಕೊಡುವುದಿಲ್ಲ, ಅಷ್ಟರ ಮಟ್ಟಿಗೆ ನಾನು ಅವರ ಕಡೆಯೇ.

ಕಣ್ಣು ಒಳಗೆ ಹೋದಂತೆ ಕಂಡರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಸುಕ್ಕು ತಕ್ಷಣ ಹೋಗದಿದ್ದರೆ, ಆರು ತಾಸು ಉಚ್ಚೆ ಹೊಯ್ಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದಿದ್ದೆಲ್ಲ ವಾಂತಿ ಆದರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ ಗುರುವಾರ, ಶುಕ್ರವಾರ ಅಂತ ನೋಡಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ‘ಮಂಕು’ ಅನ್ನುವುದರ ಬಗ್ಗೆ ಒಂದು ಮಾತು. ಹಲ್ಲು ಬರುವಾಗ ಕೂಸು ಹಟ ಮಾಡುತ್ತದೆ ಅಂತ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ನೆಕ್ಕಿಸುವುದುಂಟು. ಜಾಯಿಕಾಯಿ ಸ್ವಲ್ಪ ಹೆಚ್ಚಾದರೂ ಮಗು ಮತ್ತಿನಲ್ಲಿ ಇದ್ದಂತೆ ಮಲಗುತ್ತದೆ. ಆಗ ಅದು ಜಾಯಿಕಾಯಿ ನಿದ್ದೆಯೋ, ನೀರು ಕಡಿಮೆಯಾಗಿ ಬಂದ ಸುಸ್ತೋ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಭೇದಿ ಇರುವ ದಿನಗಳಲ್ಲಿ ಅಂತೂ ಅದು ಬೇಡವೇ ಬೇಡ. ಬರೆ ಹಾಕಿಸುವ ಮಾತು ಯಾರಾದರೂ ತೆಗೆದರೆ ಅಲ್ಲೇ ತಡೆಯಿರಿ. ಕಾದ ಕಬ್ಬಿಣದಿಂದ ಯಾವ ಭೇದಿಯೂ ನಿಂತಿಲ್ಲ, ಸುಟ್ಟ ಗಾಯಕ್ಕೆ ಸೋಂಕು ತಗುಲಿ ಬಂದ ಕೂಸುಗಳನ್ನು ನಾವು ನೋಡುತ್ತಲೇ ಇದ್ದೇವೆ.

ಒಸಡಿನ ಕಿರಿಕಿರಿಗೆ ಜಾಸ್ತಿ ಏನೂ ಬೇಕಿಲ್ಲ. ಕೈ ತೊಳೆದು ಬೆರಳಿನಿಂದ ಒಸಡನ್ನು ಮೆಲ್ಲಗೆ ಉಜ್ಜಿ. ಶುಭ್ರವಾದ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಕಚ್ಚಲು ಕೊಡಿ. ಖಡಕ್ ರೊಟ್ಟಿ ಚೂರು ಕೈಗೆ ಕೊಡುವ ರೂಢಿ ಇದೆಯಲ್ಲ, ಅದು ಮುರಿದು ಗಂಟಲಲ್ಲಿ ಸಿಕ್ಕಬಹುದು. ಒಸಡಿಗೆ ಸವರುವ ಮರಗಟ್ಟಿಸುವ ಜೆಲ್‌ಗಳೂ ಬೇಡ. ಅವುಗಳಲ್ಲಿ ಬೆಂಜೊಕೇನ್ ಇರುವಂಥವನ್ನು ಎರಡು ವರ್ಷದ ಒಳಗಿನ ಮಕ್ಕಳಿಗೆ ಹಚ್ಚಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಂದಿಸಬಲ್ಲದು.

ಜ್ವರದ ವಿಷಯಕ್ಕೂ ‘ಬೆಚ್ಚಗಿದೆ’ ಅನ್ನುವುದು ಸಾಲದು. ನಮ್ಮ ಕಡೆ ಬೇಸಿಗೆಯಲ್ಲೂ ಕೂಸಿಗೆ ಕುಂಚಿಗೆ ಕಟ್ಟಿ ಕೌದಿ ಹೊದಿಸಿರುತ್ತಾರೆ, ಮುಟ್ಟಿದರೆ ಯಾವ ಮಗುವೂ ಬೆಚ್ಚಗೇ ಇರುತ್ತದೆ. ಹೊದಿಕೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿ ಇಟ್ಟು ನೋಡಿ. 100.4 ಡಿಗ್ರಿ ದಾಟಿದ್ದರೆ ಅದು ಜ್ವರ, ಮತ್ತು ಅದಕ್ಕೆ ಹಲ್ಲು ಕಾರಣ ಅಲ್ಲ.

ಇನ್ನು ಇಂಜೆಕ್ಷನ್. ಸಣ್ಣ ಭೇದಿ, ನೆಗಡಿ, ಕೆಮ್ಮು, ಸ್ವಲ್ಪ ಮೈಕಾವು ಇದ್ದರೆ ಲಸಿಕೆ ನಿಲ್ಲಿಸುವ ಕಾರಣವೇ ಇಲ್ಲ. ಹಲ್ಲಂತೂ ಕಾರಣಗಳ ಪಟ್ಟಿಯಲ್ಲೇ ಇಲ್ಲ. ಜೋರು ಜ್ವರ ಇದ್ದು ಕೂಸು ಸೋತು ಹೋಗಿದ್ದರೆ, ಆಸ್ಪತ್ರೆಗೆ ಸೇರಿಸುವಷ್ಟು ಕಾಯಿಲೆ ಇದ್ದರೆ ನಾವೇ ಮುಂದಕ್ಕೆ ಹಾಕುತ್ತೇವೆ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ, ಮಗುವಿನ ರೋಗನಿರೋಧಕ ಶಕ್ತಿಯಲ್ಲೇ ದೊಡ್ಡ ದೋಷ ಇದ್ದರೆ, ಹಿಂದೆ ಜ್ವರ ಬಂದಾಗ ಫಿಟ್ಸ್ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ನೀವು ಬರೆದದ್ದರಲ್ಲಿ ಇವು ಯಾವುದೂ ಇಲ್ಲ. ಆಡುತ್ತಾನೆ, ಹಾಲು ಕುಡಿಯುತ್ತಾನೆ ಅಂದಿದ್ದೀರಿ. ಗುರುವಾರವೂ ಹೀಗೇ ಇದ್ದರೆ ಹಾಕಿಸಬಹುದು.

ಒಂಬತ್ತು ತಿಂಗಳೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ದಡಾರವನ್ನು ನಮ್ಮ ಕಡೆ ಗೊಬ್ಬರ ಅಂತಾರಲ್ಲ, ಅದನ್ನು ತಡೆಯುವ ಶಕ್ತಿ ತಾಯಿಯಿಂದ ಕೂಸಿಗೆ ಬಂದಿರುತ್ತದೆ. ಅದು ಇರುವಾಗ ಲಸಿಕೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ. ಅದು ಇಳಿದ ಮೇಲೆ ತಡ ಮಾಡಿದರೆ ಮಗು ಬಯಲಲ್ಲಿ ನಿಂತಂತೆ. ಈ ಎರಡರ ನಡುವೆ ಹುಡುಕಿ ಇಟ್ಟ ದಿನ ಅದು. ಒಂಬತ್ತು ತಿಂಗಳಲ್ಲಿ ಹಾಕಿದ್ದು ಸುಮಾರು ನೂರರಲ್ಲಿ 85 ಮಕ್ಕಳಿಗೆ ಹಿಡಿಯುತ್ತದೆ. ಉಳಿದವರಿಗಾಗಿ 16ರಿಂದ 24 ತಿಂಗಳ ಒಳಗೆ ಇನ್ನೊಂದು ಡೋಸ್ ಇದೆ. ಹಲ್ಲೆಲ್ಲ ಬರಲಿ ಅಂತ ಕಾದರೆ ಮಗುವಿಗೆ ಎರಡೂವರೆ ವರ್ಷ ದಾಟುತ್ತದೆ, ಎರಡೂ ಡೋಸಿನ ದಿನ ಮುಗಿದಿರುತ್ತದೆ.

ದಡಾರ ಅಂದರೆ ಮೈಮೇಲೆ ಗುಳ್ಳೆ ಎದ್ದು ಹೋಗುವ ದೇವಿ ಕಾಟ ಅಂತ ಹಗುರವಾಗಿ ತಗೋಬೇಡಿ. ಅದು ಪುಪ್ಪುಸಕ್ಕೆ ಇಳಿಯುತ್ತದೆ, ಭೇದಿ ತರುತ್ತದೆ, ಎ ಜೀವಸತ್ವ ಕಡಿಮೆ ಇರುವ ಮಕ್ಕಳಲ್ಲಿ ಕಣ್ಣನ್ನೇ ಕೆಡಿಸುತ್ತದೆ. ದೇಹ ಹಿಂದೆ ಕಲಿತ ಬೇರೆ ರೋಗಗಳ ನೆನಪನ್ನೂ ಅಳಿಸುತ್ತದೆ. ಹಾಗಾಗಿ ದಡಾರ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಮಗು ಒಂದರ ಹಿಂದೊಂದು ಕಾಯಿಲೆ ಬೀಳುತ್ತದೆ. ಎ ಜೀವಸತ್ವ ಕಡಿಮೆ ಆಗದಿರಲಿ ಅಂತ ಇಂಜೆಕ್ಷನ್ ದಿನವೇ ಅದರ ಒಂದು ಲಕ್ಷ ಯೂನಿಟ್ ದ್ರವ ಬಾಯಿಗೆ ಹಾಕುತ್ತಾರೆ. ಒಂಬತ್ತು ತಿಂಗಳ ಭೇಟಿಯಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿಯ ಬೂಸ್ಟರ್ ಮತ್ತು ಪೋಲಿಯೊ ಇಂಜೆಕ್ಷನ್‌ನ ಮೂರನೇ ಡೋಸ್ ಕೂಡ ಇರುತ್ತವೆ. 2023ರ ಜನವರಿಯಿಂದ ಈ ಮೂರನೇ ಡೋಸ್ ಸೇರಿಕೊಂಡಿತು, ಹಾಗಾಗಿ ದೊಡ್ಡ ಮಗುವಿಗೆ ಇದು ಇರಲಿಲ್ಲ, ಇವನಿಗೆ ಯಾಕೆ ಅಂತ ಕೇಳುವವರು ಗಾಬರಿಯಾಗಬೇಕಿಲ್ಲ. ಒಂದೇ ದಿನ ಎರಡು ಮೂರು ಕಡೆ ಚುಚ್ಚಿದರೆ ಕೂಸು ಅಳುತ್ತದೆ, ಆದರೆ ಲಸಿಕೆ ಕೆಲಸ ಕೆಡುವುದಿಲ್ಲ.

ಈಗ ನಿಮ್ಮ ಯಜಮಾನರ ಹೆದರಿಕೆ. ಅದನ್ನು ತಳ್ಳಿಹಾಕುವ ಡಾಕ್ಟರನ್ನು ನೀವು ನಂಬಬೇಡಿ. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದಂತೆ ತಂಪಿನಲ್ಲಿ ಕಾಯ್ದಿಡದೆ ಬಳಸಿದ ನಿರ್ಲಕ್ಷ್ಯ ಅಂತ ಆಗಲೇ ಮೇಲ್ನೋಟಕ್ಕೆ ಕಂಡುಬಂತು. ಇದು ಹೇಗೆ ಆಗುತ್ತದೆ ಅಂತ ತಿಳಿದರೆ, ನೀವೇ ಎದುರು ನಿಂತು ನೋಡಿಕೊಳ್ಳಬಹುದು.

ದಡಾರದ ಇಂಜೆಕ್ಷನ್, ಅಂದರೆ ದಡಾರ ಮತ್ತು ರುಬೆಲ್ಲಾ ಎರಡನ್ನೂ ತಡೆಯುವ ಲಸಿಕೆ, ಪುಟ್ಟ ಬಾಟಲಿಯಲ್ಲಿ ಒಣ ಪುಡಿಯಾಗಿ ಬರುತ್ತದೆ. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಇರುತ್ತದೆ. ಅದರ ಜೊತೆ ಬರುವ ನೀರನ್ನು ಬೆರೆಸಿದ ಮೇಲೆ ಹಾಕುತ್ತಾರೆ. ಐದು ರೋಗ ತಡೆಯುವ ಪೆಂಟಾ ಲಸಿಕೆಯ ಬಾಟಲಿಯನ್ನು ಒಮ್ಮೆ ತೆರೆದರೂ ಸರಿಯಾಗಿ ಇಟ್ಟರೆ 28 ದಿನ ಬಳಸಬಹುದು. ದಡಾರದ ಲಸಿಕೆಗೆ ಹಾಗಿಲ್ಲ. ಕ್ರಿಮಿ ಬೆಳೆಯದಂತೆ ತಡೆಯುವ ಯಾವ ರಾಸಾಯನಿಕವೂ ಇದರಲ್ಲಿ ಇಲ್ಲ. ನೀರು ಬೆರೆಸಿ ನಾಲ್ಕು ತಾಸು ಆದ ಮೇಲೆ, ಬಾಟಲಿಯಲ್ಲಿ ಎಷ್ಟೇ ಉಳಿದಿರಲಿ, ಬಿಸಾಡಬೇಕು. ಮಿಕ್ಕಿದ್ದನ್ನು ಇಟ್ಟುಕೊಂಡು ಮರುದಿನ ಹಾಕಿದರೆ ಅಷ್ಟರಲ್ಲಿ ಒಳಗೆ ಕ್ರಿಮಿ ಬೆಳೆದು ವಿಷ ಉಗುಳಿರಬಹುದು. ಆ ವಿಷ ಕೆಲವೇ ತಾಸಿನಲ್ಲಿ ವಾಂತಿ, ಭೇದಿ, ಜೋರು ಜ್ವರ ತಂದು ಕೂಸನ್ನು ಮಲಗಿಸಿಬಿಡುತ್ತದೆ.

ಅದಕ್ಕೇ ಗುರುವಾರ ಸಿಸ್ಟರ್ ಹತ್ತಿರ ಕೇಳಿ: ‘ಅಕ್ಕಾರ, ಈ ಬಾಟಲಿ ಎಷ್ಟು ಗಂಟೆಗೆ ಕಲಸಿದ್ದು?’ ಕಲಸಿದ ಹೊತ್ತನ್ನು ಬಾಟಲಿ ಮೇಲೆ ಬರೆಯಬೇಕು ಅಂತ ನಿಯಮವೇ ಇದೆ. ಬಾಟಲಿಯ ಮುಚ್ಚಳದ ಮೇಲೆ ಒಂದು ಪುಟ್ಟ ಬಣ್ಣದ ದುಂಡು ಗುರುತು, ಅದರ ನಡುವೆ ಚೌಕ ಇರುತ್ತದೆ. ಚೌಕದ ಬಣ್ಣ ದುಂಡಿಗಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಯಿಂದ ಕೆಟ್ಟಿಲ್ಲ. ದುಂಡಿನಷ್ಟೇ ಗಾಢ ಆಗಿದ್ದರೆ ಅಥವಾ ಇನ್ನೂ ಕಪ್ಪಾಗಿದ್ದರೆ ಹಾಕಿಸಬಾರದು. ನೀರು ಬೆರೆಸುವ ಮೊದಲೇ ಅದನ್ನು ತೋರಿಸಿ ಅನ್ನಿ. ಹೊಸ ಸಿರಿಂಜ್ ನಿಮ್ಮ ಎದುರೇ ಬಿಚ್ಚಬೇಕು. ಕೇಳಿದರೆ ಸಿಟ್ಟಾಗುತ್ತಾರೇನೋ ಅಂತ ಸಂಕೋಚ ಬೇಡ. ಚೆನ್ನಾಗಿ ಕೆಲಸ ಮಾಡುವ ಸಿಸ್ಟರ್‌ಗಳು ತಾವೇ ತೋರಿಸುತ್ತಾರೆ. ನನ್ನ ಪ್ರಕಾರ ಅಪ್ಪಂದಿರು ಹೆದರಿ ಮನೆಯಲ್ಲಿ ಕೂರುವ ಬದಲು ಬಂದು ಇದನ್ನು ಕೇಳಬೇಕು. ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲೇ ಕೂತಿದ್ದು ಬನ್ನಿ.

ಆಮೇಲೆ ಏನಾಗಬಹುದು ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ಇಲ್ಲಿ ಹಲ್ಲು ಮತ್ತೆ ಬಂದು ತಲೆ ಹಾಕುತ್ತದೆ. ಆರು, ಹತ್ತು, ಹದಿನಾಲ್ಕು ವಾರದ ಪೆಂಟಾ ಹಾಕಿದ ದಿನವೋ ಮರುದಿನವೋ ಜ್ವರ ಬಂದದ್ದು ನಿಮಗೆ ನೆನಪಿರಬಹುದು. ದಡಾರದ ಲಸಿಕೆಗೆ ಜ್ವರ ಬಂದರೆ ಹಾಗೆ ಬರುವುದಿಲ್ಲ. ಏಳರಿಂದ ಹನ್ನೆರಡನೇ ದಿನದ ನಡುವೆ ಬರುತ್ತದೆ, ಮೈಮೇಲೆ ತೆಳುವಾಗಿ ಕೆಂಪು ಬೊಕ್ಕೆ ಏಳಬಹುದು. ಅಷ್ಟು ಹೊತ್ತಿಗೆ ಇಂಜೆಕ್ಷನ್ ನೆನಪೇ ಇರುವುದಿಲ್ಲ, ಮೇಲಿನ ಹಲ್ಲು ಕಾಣಿಸಿಕೊಂಡಿರುತ್ತದೆ, ‘ನೋಡು, ಹಲ್ಲಿನ ಜ್ವರ’ ಅಂತಾರೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ತೋರಿಸಿ.

ಪ್ಯಾರಾಸಿಟಮಾಲ್ ಕೊಡುವುದಾದರೆ ಬಾಟಲಿ ಓದಿ ಕೊಡಿ. ಹನಿ ಔಷಧ ಬೇರೆ, ಸಿರಪ್ ಬೇರೆ. ಸಾಮಾನ್ಯವಾಗಿ ಹನಿ ಔಷಧದ 1 ಮಿಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನ 5 ಮಿಲಿಯಲ್ಲಿ 125, ಕೆಲವದರಲ್ಲಿ 250 ಮಿಲಿಗ್ರಾಂ. ಎಂಟು ಕೆಜಿ ಕೂಸಿಗೆ ಒಂದು ಸಲಕ್ಕೆ 80ರಿಂದ 120 ಮಿಲಿಗ್ರಾಂ ಸಾಕು. ಅಂದರೆ ಹನಿ ಔಷಧ 1 ಮಿಲಿ, ಇಲ್ಲವೇ 125ರ ಸಿರಪ್ 4 ಮಿಲಿ. ಸಿರಪ್‌ನ ಅಳತೆಯಲ್ಲಿ ಹನಿ ಔಷಧ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ಒಂದು ಸಲ ಕೊಟ್ಟ ಮೇಲೆ ಆರು ತಾಸು ಬಿಡಿ.

ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ರೋಟಾ ವೈರಸ್ಸಿನ ಭೇದಿ ತಡೆಯುವ ರೋಟಾ ಹನಿ ಮೂರೂ ಆಗಿದೆಯಾ? ಅದು ಆಗಿದ್ದರೂ ಭೇದಿ ಬರಬಹುದು, ಎಲ್ಲ ಭೇದಿಗೂ ರೋಟಾ ಕಾರಣ ಅಲ್ಲವಲ್ಲ, ಆದರೆ ಆಸ್ಪತ್ರೆಗೆ ಸೇರಿಸುವಷ್ಟು ಜೋರಾದ ಭೇದಿ ಕಡಿಮೆ ಆಗುತ್ತದೆ. ಪೆಂಟಾದ ಮೂರು ಡೋಸ್ ಆಗಿದೆಯಾ? ಅದು ತಡೆಯುವ ರೋಗಗಳಲ್ಲಿ ಒಂದಾದ ಗಂಟಲಮಾರಿ (ಡಿಫ್ತೀರಿಯಾ) ಉತ್ತರ ಕರ್ನಾಟಕದಲ್ಲಿ ಈಗಲೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ಡೋಸ್ ತಪ್ಪಿದ ಮಕ್ಕಳೇ. ನಡುವೆ ಒಂದು ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಮಹಾರಾಷ್ಟ್ರ, ಗೋವಾ ಕಡೆ ಹೋಗುವವರು ಕಾರ್ಡನ್ನು ಗಂಟಿನಲ್ಲಿ ಇಟ್ಟುಕೊಂಡೇ ಹೋಗಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ಪುಕ್ಕಟೆ ಹಾಕುತ್ತಾರೆ.

ಗುರುವಾರ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮೊಮ್ಮಗನನ್ನು ಅವರ ತೊಡೆಯ ಮೇಲೆ ಕೂರಿಸಿಕೊಳ್ಳಲಿ, ಭೇದಿಯ ಬಗ್ಗೆ ಸಿಸ್ಟರ್ ಹತ್ತಿರ ಅವರೇ ಮಾತಾಡಲಿ. ಇಷ್ಟು ದಿನ ಅವನನ್ನು ನೋಡಿಕೊಂಡವರು ಅವರು, ದಿನಕ್ಕೆ ಎಷ್ಟು ಸಲ ಆಯಿತು, ಬಣ್ಣ ಹೇಗಿತ್ತು ಅನ್ನುವುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮುಂದಿನ ಡೋಸ್‌ಗೆ 16 ತಿಂಗಳು ತುಂಬಿದ ಕೂಡಲೇ ಬರುವ ಗುರುವಾರ ಯಾವುದು ಅಂತ ಅಲ್ಲೇ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ.